ಕುಣಿಯದ ಕಾಲು

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದರು. ಈ ಉಪದೇಶದಲ್ಲಿ ಉತ್ತರಾರ್ಧವನ್ನು ಮಾತ್ರ ನಡೆಸಿದವನು ನಾನು. ಕೋಶಗಳನ್ನು ಓದಿದೆ, ಓದಿಸಿದೆ. ದೇಶ ಸುತ್ತುವುದು ಮಾತ್ರ ನಾಳೆಗೆ, ನಾಡಿದ್ದಿಗೆ ಎಂದು ಉಳಿಯುತ್ತ ಬಂತು. ಈಗ ನನಗೆ 56 ವರ್ಷ. ಈ ವಯಸ್ಸಿನಲ್ಲಿ ನೆನಪಿನ ಗಂಟನ್ನು ಬಿಚ್ಚಿ ಕುಳಿತರೆ, ನಡೆದ ಸಂಗತಿಗಳಿಗಿಂತ ನಡೆಯದೆ ಹೋದವೇ ಹೆಚ್ಚು ಜಾಗ ಹಿಡಿದಿರುತ್ತವೆ. ತಮಗೂ ಹೀಗೆ ಅನ್ನಿಸಿರಬಹುದು. ನನ್ನ ಗಂಟಿನಲ್ಲಿ ಅಂಥವು ಎರಡಿವೆ. ಒಂದು ಪ್ರಯಾಣದ ಆಸೆ. ಇನ್ನೊಂದು, ದಯವಿಟ್ಟು ನಗಬೇಡಿ, ಕುಣಿತದ ಆಸೆ.

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರದಲ್ಲಿ. ಅದರ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಆ ಗುಡಿಗೆ ಸಮೀಪದ ಬೀದಿಯೊಂದರಲ್ಲಿ ನಮ್ಮ ಮನೆ. ಗುಡಿಯನ್ನು ಬಿಟ್ಟರೆ ನನಗೆ ಪ್ರಿಯವಾದ ಸ್ಥಳವೆಂದರೆ ರೈಲ್ವೆ ನಿಲ್ದಾಣ. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಮೀಟರ್ ಗೇಜ್ ಗಾಡಿ ನಮ್ಮೂರಿಗೆ ಬಂದು ನಿಲ್ಲುತ್ತಿತ್ತು, ನಿಂತೇ ಬಿಡುತ್ತಿತ್ತು. ಅಲ್ಲಿಂದಾಚೆಗೆ ಹಳಿಯಿಲ್ಲ. "ಮುಂದೆ ಯಾವ ಊರು?" ಎಂದು ಅಲ್ಲಿದ್ದ ನೌಕರರೊಬ್ಬರನ್ನು ಒಂದು ದಿನ ಕೇಳಿದೆ. "ಮುಂದೆ ಊರುಂಟು ಮಗು, ರೈಲಿಲ್ಲ" ಎಂದರು. ಆ ಹಳಿ ಈಗ ಅಗಲವಾಗಿದೆ. ಆದರೆ ಇಂದಿಗೂ ಅದು ನಮ್ಮೂರಿನಲ್ಲೇ ಮುಗಿಯುತ್ತದೆ.

ಇನ್ನು ಕುಣಿತದ ಮಾತು. ಮಲೆಯ ಮಹದೇಶ್ವರನ ಒಕ್ಕಲಾದ ದೇವರಗುಡ್ಡರು ನಮ್ಮ ಬೀದಿಗೆ ಭಿಕ್ಷಕ್ಕೆ ಬರುತ್ತಿದ್ದರು. ಅವರ ಕೈಯಲ್ಲಿ ಕಂಸಾಳೆ ಇರುತ್ತಿತ್ತು. ಕಂಸಾಳೆ ಎಂದರೆ ಕಂಚಿನ ತಾಳ. ಎಡಗೈಯಲ್ಲಿ ಬಟ್ಟಲಿನಂಥ ತಾಳ. ಬಲಗೈಯಲ್ಲಿ ಉದ್ದನೆಯ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಹಾಡುವಾಗ ಕೂತು ಬಾರಿಸುವುದುಂಟು. ಎದ್ದು ನಿಂತು ಬೀಸತೊಡಗಿದರೆ ಅದೇ ಬೀಸು ಕಂಸಾಳೆ. ದಾರದ ತುದಿಯ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಮೊಣಕಾಲ ಕೆಳಗೆ ಸುತ್ತಿ ಬಂದು ಎಡಗೈಯ ತಾಳಕ್ಕೆ ಸರಿಯಾಗಿ ತಾಕಬೇಕು. ಒಂದು ಗುಲಗಂಜಿಯಷ್ಟು ತಪ್ಪಿದರೆ ಪೆಟ್ಟು ಮೈಗೆ. ಆ ನಾದ ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ನಾನು ಕೈಯಲ್ಲಿದ್ದ ತುತ್ತನ್ನು ಬಿಟ್ಟು ಓಡುತ್ತಿದ್ದೆ.

ಹತ್ತು ವರ್ಷದವನಾಗಿದ್ದಾಗ ಅಡುಗೆಮನೆಯಿಂದ ಎರಡು ತಟ್ಟೆಗಳನ್ನು ತಂದು, ಒಂದಕ್ಕೆ ಹುರಿ ಕಟ್ಟಿ, ಹಿತ್ತಲಲ್ಲಿ ಬೀಸಲು ನಿಂತೆ. ತಟ್ಟೆ ನೆಟ್ಟಗೆ ಹೋಗಿ ಬಚ್ಚಲ ಹಂಡೆಗೆ ಬಡಿಯಿತು. ಸದ್ದು ಕೇಳಿ ತಂದೆಯವರು ಬಂದರು. ಅವರು ಹೊಡೆಯುವವರಲ್ಲ. ತಟ್ಟೆಯನ್ನು ಕೈಯಿಂದ ತೆಗೆದುಕೊಂಡು, "ಇದು ನಿನ್ನ ಕೈಗೆ ಸಲ್ಲುವ ವಸ್ತುವಲ್ಲ" ಎಂದಷ್ಟೇ ಹೇಳಿದರು. ಅಂದಿನಿಂದ ನಾನು ಆ ನಾದ ಕೇಳಿದರೆ ಹೊಸ್ತಿಲ ಒಳಗೇ ನಿಲ್ಲುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ಆ ಮಾತನ್ನೂ ಆಡಲಾರೆ. ನೆಲ ಸಮವಾಗಿಯೇ ಇತ್ತು. ನಾನು ಕಾಲೆತ್ತಲಿಲ್ಲ, ಅಷ್ಟೆ.

ಮುಂದೆ ಪಂಡಿತ ಶಿಕ್ಷಣ ಪಡೆದೆ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ದೊರೆಯಿತು. ಗುಂಡ್ಲುಪೇಟೆ ನೋಡಿದವರಿಗೆ ಗೊತ್ತು, ಅದು ದಾರಿಗಳು ಕವಲೊಡೆಯುವ ಊರು. ಒಂದು ದಾರಿ ಬಂಡೀಪುರದ ಮೇಲೆ ಊಟಿಗೆ. ಇನ್ನೊಂದು ವಯನಾಡಿನ ಮೇಲೆ ಕಲ್ಲಿಕೋಟೆಗೆ. ಮಳೆಗಾಲದಲ್ಲಿ ಸುತ್ತಣ ಹೊಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿ ಅರಳಿದರೆ, ದೂರದೂರಿನ ಪ್ರವಾಸಿಗಳು ಕಾರು ನಿಲ್ಲಿಸಿ ನಮ್ಮ ಹೊಲಗಳನ್ನು ನೋಡಿಕೊಂಡು ಮುಂದೆ ಹೋಗುತ್ತಾರೆ. ನಾವು ಅವರನ್ನು ನೋಡಿಕೊಂಡು ಮನೆಗೆ ಹೋಗುತ್ತೇವೆ.

ಇಲ್ಲಿ ಒಂದು ಗುಟ್ಟನ್ನು ಹೇಳಬೇಕು. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದು ಲಾಕ್ಷಣಿಕರು ಹೇಳಿದ್ದಾರಷ್ಟೆ. ಆ ಹದಿನೆಂಟರಲ್ಲಿ ಸಮುದ್ರವೂ ಒಂದು. ಮೂವತ್ತು ವರ್ಷಗಳ ಕಾಲ ನಾನು ಮಕ್ಕಳಿಗೆ ಸಮುದ್ರವರ್ಣನೆಯನ್ನು ಕೈಯಾಡಿಸಿ ವಿವರಿಸಿದ್ದೇನೆ. ಸಮುದ್ರವನ್ನು ಮಾತ್ರ ಕಂಡಿಲ್ಲ. ಶಾಲೆಗೆ ಹೋಗುವ ದಾರಿಯಲ್ಲೇ ಕಲ್ಲಿಕೋಟೆಯ ಬಸ್ಸು ಎದುರಾಗುತ್ತದೆ. ದೂರ ಸುಮಾರು 150 ಕಿಲೋಮೀಟರು. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆಯುಂಟು. ಆದರೆ ಹಗಲು ಹೋಗುವವನನ್ನು ಯಾರು ತಡೆದರು? ಪರೀಕ್ಷೆ, ಮೌಲ್ಯಮಾಪನ, ಮಗಳ ಮದುವೆ, ಮೊಣಕಾಲ ನೋವು ಎಂದು ನಾನೇ ಒಂದೊಂದು ಗೇಟು ಹಾಕಿಕೊಂಡೆ.

ಇವೆಲ್ಲ ನನ್ನೊಬ್ಬನ ನಷ್ಟ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು ಎರಡು ವರ್ಷದ ಹಿಂದೆ. ಪ್ರತಿಭಾ ಕಾರಂಜಿಗೆ ನಮ್ಮ ಮಕ್ಕಳಿಂದ ಕಂಸಾಳೆ ಮಾಡಿಸಬೇಕೆಂದು ಎಂಟು ಮಂದಿ ಹುಡುಗರನ್ನು ಆರಿಸಿದ್ದೆವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬಂದು, "ಸಾರ್, ನಾನೂ ಬೀಸ್ತೀನಿ" ಎಂದಳು. ನಾನು ಪುಸ್ತಕದಿಂದ ತಲೆಯೆತ್ತದೆ ಹೇಳಿದೆ: "ಇದು ನಿನ್ನ ಕೈಗೆ ಸಲ್ಲುವ ವಸ್ತುವಲ್ಲಮ್ಮ." ಆಕೆ ಸುಮ್ಮನೆ ಹೋದಳು. ಹೇಳಿದ ಮೇಲೆ, ಆ ಮಾತು ಯಾರದೆಂದು ನನಗೆ ಹೊಳೆಯಿತು. ನಲವತ್ತನಾಲ್ಕು ವರ್ಷ ಅದನ್ನು ಎದೆಯಲ್ಲಿ ಮುಳ್ಳಿನಂತೆ ಇಟ್ಟುಕೊಂಡಿದ್ದವನು, ಕೊನೆಗೆ ಅದನ್ನೇ ಕಿತ್ತು ಮಗುವಿನ ಕಾಲಿಗೆ ಚುಚ್ಚಿದ್ದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಯಳಂದೂರಿನ ಸಂಚಿಯ ಹೊನ್ನಮ್ಮನ ನೆನಪಾಯಿತು. ಚಿಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗ ಅವಳದು. ಅವಳು ಅಕ್ಷರ ಬಯಸಿದಾಗ, 'ಇದು ಸಂಚಿ ಹಿಡಿಯುವ ಕೈಗೆ ಸಲ್ಲದು' ಎಂದು ಗುರು ಸಿಂಗರಾರ್ಯರು ಹೇಳಿದ್ದರೆ 'ಹದಿಬದೆಯ ಧರ್ಮ' ಕನ್ನಡಕ್ಕೆ ಬರುತ್ತಿತ್ತೆ? ಈ ಪ್ರಶ್ನೆಯನ್ನು ನಾನು ಪಾಠ ಮಾಡುವಾಗ ಎಷ್ಟೋ ಸಲ ಮಕ್ಕಳಿಗೆ ಕೇಳಿದ್ದೇನೆ. ನನಗೆ ನಾನೇ ಕೇಳಿಕೊಂಡದ್ದು ಅಂದೇ ಮೊದಲು.

ಮರುದಿನ ಸಂಜೆ ಆ ಹುಡುಗಿಯ ಮನೆಗೆ ಹೋದೆ. ಜಗಲಿಯ ಮೇಲೆ ಅವಳ ಅಜ್ಜ ಕುಳಿತಿದ್ದರು. ರುದ್ರಾಕ್ಷಿ ಧರಿಸಿದ ಹಿರಿಯ ದೇವರಗುಡ್ಡರು. ಅವರೇ ಬೇಡವೆನ್ನುತ್ತಾರೆಂದು ನಾನು ಭಾವಿಸಿದ್ದೆ. ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಡ್ಡನಾಗೋಕೆ ದೀಕ್ಷೆ ಬೇಕು, ನೇಮ ಬೇಕು. ಅದು ಬ್ಯಾರೆ ಮಾತು. ಇಸ್ಕೂಲಲ್ಲಿ ಹೆಣ್ಣೈಕ ತಾಳ ಬೀಸುದ್ರೆ ಮಾದಪ್ಪ ಮುನಿಯಾಕಿಲ್ಲ ಕನ. ಬ್ಯಾಡ ಅಂದೋನು ಅವನಲ್ಲ ಮೇಷ್ಟ್ರೆ, ನಾನೂ ಅಲ್ಲ. ನೀವು" ಎಂದರು.

ನಾನು ತಲೆ ತಗ್ಗಿಸಿದೆ. ತಪ್ಪಾಯಿತೆಂದು ಆ ಮಗುವಿಗೆ ಹೇಳಿದೆ. ಉಪಾಧ್ಯಾಯನಿಗೆ ಈ ಮಾತು ಬಾಯಿಗೆ ಬರುವುದು ಎಷ್ಟು ಕಷ್ಟವೆಂದು ತಮ್ಮಲ್ಲಿ ಉಪಾಧ್ಯಾಯರಾದವರು ಬಲ್ಲರು. ಅಜ್ಜ ನಕ್ಕು ಒಳಗಿನಿಂದ ತಮ್ಮ ತಾಳಗಳನ್ನು ತರಿಸಿ, ಕಣ್ಣಿಗೊತ್ತಿಕೊಂಡು, "ನೀವೂ ಒಂದಪ ಬೀಸಿ ನೋಡಿ" ಎಂದು ನನ್ನ ಕೈಗೆ ಕೊಟ್ಟರು. ಬೀಸಿದೆ. ಮೊದಲ ಪೆಟ್ಟು ಮೊಣಕೈಗೆ, ಎರಡನೆಯದು ಕನ್ನಡಕಕ್ಕೆ. ಮೂರನೆಯ ಸಲ ಕಂಚಿಗೆ ಕಂಚು ತಾಕಿತು. ಕಣ್ಣಲ್ಲಿ ನೀರು ಬಂತು. ಕನ್ನಡಕದ ಪೆಟ್ಟೆಂದು ಎಲ್ಲರೂ ತಿಳಿದರು, ನಾನು ತಿದ್ದಲಿಲ್ಲ.

ಆ ವರ್ಷ ನಮ್ಮ ತಂಡದಲ್ಲಿ ಐವರು ಹುಡುಗರು, ಮೂವರು ಹುಡುಗಿಯರು ಕುಣಿದರು. ಬಹುಮಾನ ಬರಲಿಲ್ಲ. ಮಕ್ಕಳು ಅದಕ್ಕಾಗಿ ಒಂದು ದಿನ ಅತ್ತರು. ಮಾರನೆಯ ದಿನ ಮತ್ತೆ ಅಭ್ಯಾಸಕ್ಕೆ ಬಂದರು.

ಇನ್ನು ಸಮುದ್ರ ಉಳಿದಿದೆ. ಬರುವ ದಸರಾ ರಜೆಯಲ್ಲಿ ಬೆಳಗಿನ ಬಸ್ಸಿಗೆ ಕಲ್ಲಿಕೋಟೆಗೆ ಹೊರಡುವುದೆಂದು ನಮ್ಮ ಮನೆಯವರೂ ನಾನೂ ನಿಶ್ಚಯಿಸಿದ್ದೇವೆ. ಈ ಸುದ್ದಿ ಶಾಲೆಗೂ ಮುಟ್ಟಿದೆ. ಅದೇ ಹುಡುಗಿ ನನ್ನನ್ನು ಕಂಡು, "ನೋಡ್ಕೊಂಡು ಬಂದು ಹೇಳಿ ಸಾರ್, ಪಾಠದಲ್ಲಿ ಇದ್ದ ಹಾಗೇ ಇದೆಯಾ ಅಂತ" ಎಂದಳು. ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಮಕ್ಕಳಿಗೆ ಕೊಟ್ಟ ಮಾತನ್ನು ಇನ್ನು ಮುಂದಕ್ಕೆ ಹಾಕುವಂತಿಲ್ಲ.

ತಮ್ಮ ಮನೆಯ ಹಿತ್ತಲಲ್ಲಿಯೂ ಎಂದಾದರೂ ತಟ್ಟೆ ಹಂಡೆಗೆ ಬಡಿದ ಸದ್ದು ಕೇಳಿಸಬಹುದು. ಗದರುವ ಮೊದಲು ದಯವಿಟ್ಟು ಎದ್ದು ಹೋಗಿ, ಮಗು ಏನು ಮಾಡಲು ಹೊರಟಿತ್ತೆಂದು ಒಮ್ಮೆ ಕೇಳಿ ನೋಡಿ.