ಇನ್‌ಸ್ಟ್ರುಮೆಂಟೇಶನ್ ಕ್ಷೇತ್ರ: ಕಲಿಕೆ, ಉದ್ಯೋಗ ಮತ್ತು ಹೊಣೆ

(ಸಂಸ್ಥೆಯ ವಾರ್ಷಿಕ ಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಇಪ್ಪತ್ತಾರು ವರ್ಷ ಕೊಲ್ಲಿ ರಾಷ್ಟ್ರಗಳ ತೈಲ ಮತ್ತು ರಾಸಾಯನಿಕ ಸ್ಥಾವರಗಳಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್ ಆಗಿ ದುಡಿದು ಊರಿಗೆ ಮರಳಿದವನು. ಕೈಯಲ್ಲಿ ಸ್ಕ್ರೂ ಡ್ರೈವರ್ ಇದ್ದರೆ ನನಗೆ ಧೈರ್ಯ, ಮೈಕ್ ಇದ್ದರೆ ಭಯ. ಆದರೂ ಕಾರ್ಯದರ್ಶಿಗಳು ಒತ್ತಾಯಿಸಿದಾಗ ಒಪ್ಪಿಕೊಂಡೆ. ನಮ್ಮ ಊರಿನ ಎಷ್ಟೋ ಹುಡುಗರು ಇಂಥದೊಂದು ಕೆಲಸ ಇದೆ ಎಂದೇ ತಿಳಿಯದೆ ಹೆಲ್ಪರ್ ವೀಸಾದಲ್ಲಿ ವಿಮಾನ ಹತ್ತಿದ್ದನ್ನು ನಾನು ನೋಡಿದ್ದೇನೆ. ಅದೇ ಸ್ಥಾವರದಲ್ಲಿ ಅವರು ಪೈಪು ಹೊರುತ್ತಿದ್ದರು, ಅವರಿಗಿಂತ ಕಿರಿಯ ವಯಸ್ಸಿನ ಬೇರೆ ಊರಿನವರು ಮೀಟರು ಸರಿಮಾಡುತ್ತಿದ್ದರು. ವ್ಯತ್ಯಾಸ ಬುದ್ಧಿಯದ್ದಲ್ಲ, ಎರಡು ಮೂರು ವರ್ಷಗಳ ತರಬೇತಿಯದ್ದು.

ನಾನು ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಸೇರಿದ್ದೇನೆ ಎಂದಾಗ ನನ್ನ ಮಾಮ, "ಹಾರ್ಮೋನಿಯಂ ರಿಪೇರಿ ಮಾಡ್ಲಿಕ್ಕೆ ಎರಡು ವರ್ಷ ಕಲೀಬೇಕಾ ಮಗಾ?" ಎಂದು ಕೇಳಿದ್ದರು. ಮಾಮ ಈಗಿಲ್ಲ, ಆದರೆ ಆ ಪ್ರಶ್ನೆ ಇನ್ನೂ ಇದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಈ ಕೆಲಸ ಎಂದರೇನು?

ನಮ್ಮ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಒಬ್ಬರು ಮೇಲೆ ನಿಂತು ನೀರು ನೋಡುತ್ತಾರೆ. "ತುಂಬಿತು, ಬಂದ್ ಮಾಡು" ಎಂದು ಕೂಗುತ್ತಾರೆ. ಕೆಳಗಿದ್ದವರು ಸ್ವಿಚ್ ಆರಿಸುತ್ತಾರೆ. ಇಲ್ಲಿ ನಡೆದದ್ದು ಮೂರು ಕೆಲಸ: ಅಳೆಯುವುದು, ಬೇಕಾದ ಮಟ್ಟದೊಂದಿಗೆ ಹೋಲಿಸುವುದು, ತಿದ್ದುವುದು. ಒಂದು ರಿಫೈನರಿಯಲ್ಲಿ ಇಂಥ ಸಾವಿರಾರು ಕಡೆ ಒತ್ತಡ, ಉಷ್ಣತೆ, ಹರಿವು, ಮಟ್ಟಗಳನ್ನು ಹಗಲೂ ರಾತ್ರಿ ಅಳೆದು ತಿದ್ದುತ್ತಿರಬೇಕು. ಅಳೆಯುವ ಟ್ರಾನ್ಸ್‌ಮಿಟರ್ ಕಣ್ಣು, ಹೋಲಿಸುವ ಕಂಟ್ರೋಲರ್ ಮೆದುಳು, ತಿದ್ದುವ ಕಂಟ್ರೋಲ್ ವಾಲ್ವ್ ಕೈ. ಈ ಮೂರೂ ಸೇರಿದರೆ ಒಂದು ಲೂಪ್. ಲೂಪನ್ನು ಕಟ್ಟುವುದು, ಪರೀಕ್ಷಿಸುವುದು, ಕೆಟ್ಟರೆ ಸರಿಪಡಿಸುವುದು ನಮ್ಮ ಕೆಲಸ.

ರಿಫೈನರಿ ಮಾತ್ರವಲ್ಲ. ಮಂಗಳೂರಿನ ರಸಗೊಬ್ಬರ ಕಾರ್ಖಾನೆ, ತೋರಣಗಲ್ಲಿನ ಉಕ್ಕು, ವಾಡಿಯ ಸಿಮೆಂಟ್, ಶಕ್ತಿನಗರದ ವಿದ್ಯುತ್ ಸ್ಥಾವರ, ಸಕ್ಕರೆ ಕಾರ್ಖಾನೆ, ಔಷಧ ಕಾರ್ಖಾನೆ, ಹಾಲಿನ ಡೈರಿ, ನೀರು ಶುದ್ಧೀಕರಣ ಘಟಕ - ಎಲ್ಲ ಕಡೆಯೂ ಈ ಕೆಲಸವಿದೆ. ಆದ್ದರಿಂದ ಇದನ್ನು ಕೊಲ್ಲಿ ದೇಶದ ಟಿಕೆಟ್ ಎಂದಷ್ಟೇ ನೋಡಬೇಡಿ.

ಒಂದು ಸಣ್ಣ ಪಾಠ ಹೇಳುತ್ತೇನೆ. ಟ್ರಾನ್ಸ್‌ಮಿಟರ್ ತಾನು ಅಳೆದದ್ದನ್ನು ಕಂಟ್ರೋಲ್ ರೂಮಿಗೆ ಸಾಮಾನ್ಯವಾಗಿ 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ ಪ್ರವಾಹವಾಗಿ ಕಳುಹಿಸುತ್ತದೆ. ಟ್ಯಾಂಕ್ ಖಾಲಿಯಿದ್ದರೆ 4, ಅರ್ಧ ತುಂಬಿದರೆ 12, ಪೂರ್ತಿ ತುಂಬಿದರೆ 20. ಖಾಲಿಯಿದ್ದಾಗ ಸೊನ್ನೆ ಏಕಲ್ಲ? ಸೊನ್ನೆ ಎಂದಿಟ್ಟರೆ ತಂತಿ ತುಂಡಾದಾಗಲೂ ಟ್ಯಾಂಕ್ ಖಾಲಿಯಾದಾಗಲೂ ಒಂದೇ ಅಂಕಿ ಬರುತ್ತದೆ, ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಈಗ 4 ಬಂದರೆ ಟ್ಯಾಂಕ್ ಖಾಲಿ, ಸೊನ್ನೆ ಬಂದರೆ ಲೈನಿನಲ್ಲೇ ದೋಷ. ಇಷ್ಟು ಅರ್ಥವಾಯಿತಾದರೆ ಈ ವಿದ್ಯೆಯ ಬಾಗಿಲು ನಿಮಗೆ ತೆರೆಯಿತು ಎಂದುಕೊಳ್ಳಿ.

ಎಸ್ಸೆಸ್ಸೆಲ್ಸಿ ವಿಜ್ಞಾನ ಮತ್ತು ಒಂದು ದುರಂತ

ಮಕ್ಕಳು ನನ್ನನ್ನು ಕೇಳುತ್ತಾರೆ: "ಸರ್, ಆರ್ಕಿಮಿಡಿಸ್ ತತ್ವ, ಸಾಂದ್ರತೆ ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಉಪಯೋಗಕ್ಕೆ?" ಅವರಿಗೆ ನಾನು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯ ಘಟನೆ ಹೇಳುತ್ತೇನೆ. 2005ರ ಮಾರ್ಚ್ 23ರಂದು ಅಲ್ಲಿ ಒಂದು ಘಟಕವನ್ನು ದುರಸ್ತಿಯ ನಂತರ ಮತ್ತೆ ಆರಂಭಿಸುತ್ತಿದ್ದರು. ಸುಮಾರು 170 ಅಡಿ ಎತ್ತರದ ಗೋಪುರಕ್ಕೆ ದ್ರವ ತುಂಬುತ್ತಲೇ ಹೋಯಿತು. ಒಳಗೆ ದ್ರವ ಸುಮಾರು 158 ಅಡಿಗೆ ಏರಿತ್ತು. ಕಂಟ್ರೋಲ್ ರೂಮಿನ ಪರದೆ ಮಾತ್ರ 8 ಅಡಿಗೂ ಕಡಿಮೆ ತೋರಿಸುತ್ತಿತ್ತು, ಅದೂ ನಿಧಾನಕ್ಕೆ ಇಳಿಯುತ್ತಿರುವಂತೆ!

ಹೀಗೇಕಾಯಿತು? ಆ ಉಪಕರಣದೊಳಗೆ ದ್ರವದಲ್ಲಿ ಮುಳುಗುವ ಒಂದು ತೂಕದ ಕೊಳವೆ ಇತ್ತು. ಅದರ ಮೇಲಿನ ಪ್ಲವನ ಬಲದಿಂದ ಮಟ್ಟ ಲೆಕ್ಕ ಹಾಕುವುದು ಅದರ ಕ್ರಮ. ಗೋಪುರದ ತಳದ ಸುಮಾರು 5 ಅಡಿಯನ್ನು ಮಾತ್ರ ಅದು ಅಳೆಯಬಲ್ಲದು. ಅದು ಪೂರ್ತಿ ಮುಳುಗಿದ ಮೇಲೆ ದ್ರವ ಬಿಸಿಯಾಗಿ ಹಗುರವಾಯಿತು, ಪ್ಲವನ ಬಲ ಕಡಿಮೆಯಾಯಿತು, ಅಂಕಿ ಇಳಿಯಿತು. ಸಾಲದೆಂಬಂತೆ ಹಳೆಯ ದಾಖಲೆಯಲ್ಲಿದ್ದ ಬೇರೆ ಸಾಂದ್ರತೆಗೆ ಅದನ್ನು ಹೊಂದಿಸಲಾಗಿತ್ತು. ಎಚ್ಚರಿಕೆ ಕೊಡಬೇಕಾದ ಇನ್ನೊಂದು ಅಲಾರಂ ಮೊಳಗಲಿಲ್ಲ. ಕಣ್ಣಿನಿಂದ ನೋಡುವ ಗಾಜಿನ ಗೇಜು ಕೊಳೆಯಾಗಿತ್ತು. ಆರಂಭಿಸುವ ಮೊದಲು ಆಗಬೇಕಿದ್ದ ಉಪಕರಣಗಳ ತಪಾಸಣೆ ಪೂರ್ತಿಯಾಗಿರಲಿಲ್ಲ. ಕೊನೆಗೆ ದ್ರವ ಉಕ್ಕಿ ಹೊರಬಂದು ಆವಿಯಾಗಿ ಹರಡಿ ಸ್ಫೋಟಿಸಿತು. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಸತ್ತವರು ಸಮೀಪದಲ್ಲಿ ನಿಲ್ಲಿಸಿದ್ದ ತಾತ್ಕಾಲಿಕ ಟ್ರೇಲರ್ ಕಚೇರಿಗಳ ಒಳಗೂ ಸುತ್ತಲೂ ಇದ್ದ ಕೆಲಸಗಾರರು. ಆ ಗೋಪುರದ ಮಟ್ಟಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ಈ ದುರಂತಕ್ಕೆ ಉಪಕರಣ ಒಂದೇ ಕಾರಣವಲ್ಲ, ಆಡಳಿತದ ಲೋಪಗಳು ಹಲವಿದ್ದವು. ಆದರೆ ಸಾಂದ್ರತೆಯ ಪಾಠ ಯಾವ ಉಪಯೋಗಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ?

ನನ್ನದೇ ಒಂದು ತಪ್ಪು

ಇತರರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ವಿದೇಶಕ್ಕೆ ಹೋದ ಮೊದಲ ವರ್ಷ. ಆಗಸ್ಟ್ ತಿಂಗಳ ಬಿಸಿಲು, ಕಬ್ಬಿಣದ ಏಣಿ ಮುಟ್ಟಿದರೆ ಕೈ ಸುಡುತ್ತಿತ್ತು. ಒಂದು ಒತ್ತಡದ ಟ್ರಾನ್ಸ್‌ಮಿಟರನ್ನು ಕ್ಯಾಲಿಬ್ರೇಶನ್ ಮಾಡಬೇಕಿತ್ತು. ಹ್ಯಾಂಡ್ ಪಂಪಿನಿಂದ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಒತ್ತಡ ಕೊಟ್ಟು, ಪ್ರತಿ ಸಲವೂ ಬಂದ ಅಂಕಿಯನ್ನು ಹಾಳೆಯಲ್ಲಿ ಬರೆಯುವುದು ಕ್ರಮ. ನಾನು ಏಣಿ ಹತ್ತಲೇ ಇಲ್ಲ. ನೆರಳಲ್ಲಿ ಕುಳಿತು 4, 8, 12, 16, 20 ಎಂದು ಚೆಂದವಾಗಿ ಬರೆದೆ.

ನಮ್ಮ ಫೋರ್‌ಮನ್ ಒಬ್ಬರು ಹಿರಿಯ ಮಲಯಾಳಿ. ಹಾಳೆ ನೋಡಿದರು, ನನ್ನ ಮುಖ ನೋಡಿದರು. "ಮೋನೇ, ಇದರಲ್ಲಿ ನೀನು ಕಣ್ಣಾರೆ ಕಂಡ ಅಂಕಿ ಯಾವುದು?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಬಯ್ಯಲಿಲ್ಲ. ಪಂಪನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು. ಮೇಲೆ ಹತ್ತಿ ಪರೀಕ್ಷಿಸಿದರೆ, ಸೊನ್ನೆ ಒತ್ತಡಕ್ಕೆ 4ರ ಬದಲು 4.6, ಅರ್ಧಕ್ಕೆ 12ರ ಬದಲು 12.6. ಅದು ಸೊನ್ನೆಯಿಂದ 10 ಬಾರ್ ವರೆಗಿನ ಟ್ರಾನ್ಸ್‌ಮಿಟರ್. ಒಳಗೆ 5 ಬಾರ್ ಇದ್ದರೆ ಕಂಟ್ರೋಲ್ ರೂಮಿನಲ್ಲಿ ಹತ್ತಿರ ಹತ್ತಿರ 5.4 ಕಾಣುತ್ತಿತ್ತು. ಅದು ಜೀವ ತೆಗೆಯುವ ತಪ್ಪು ಆಗಿರಲಿಲ್ಲ. ಆದರೆ ಅದೇ ಹಾಳೆ ಬೇರೊಂದು ಗೋಪುರದ್ದಾಗಿದ್ದರೆ? ಆ ದಿನದಿಂದ ನಾನು ಕಾಣದ ಅಂಕಿಯನ್ನು ಬರೆದಿಲ್ಲ. ಟೆಕ್ಸಾಸ್ ಸಿಟಿಯ ಸುದ್ದಿ ಓದಿದ ರಾತ್ರಿ ನನಗೆ ನೆನಪಾದದ್ದು ಆ ಹಾಳೆ.

ಕಲಿಯುವ ದಾರಿಗಳು

ಈಗ ವಿದ್ಯಾರ್ಥಿಗಳಿಗೆ ಬೇಕಾದ ವಿಷಯ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಓದಿ ಪಾಸಾದವರು ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ತರಬೇತಿ ಪಡೆಯಬಹುದು. ಅವಧಿ ಎರಡು ವರ್ಷ. ಈ ಟ್ರೇಡ್ ಎಲ್ಲ ಐಟಿಐಗಳಲ್ಲಿ ಇರುವುದಿಲ್ಲ, ವಿಚಾರಿಸಿ ಅರ್ಜಿ ಹಾಕಿ. ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅಥವಾ ಎಲೆಕ್ಟ್ರಿಷಿಯನ್ ಕಲಿತವರೂ ಈ ಕ್ಷೇತ್ರಕ್ಕೆ ಬಂದಿದ್ದಾರೆ.

ಎರಡನೆಯದು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಲು ನಮ್ಮ ರಾಜ್ಯದಲ್ಲಿ ಅವಕಾಶವಿದೆ. ಅಂದರೆ ಐಟಿಐ ಸೇರಿದವನ ದಾರಿ ಅಲ್ಲಿಗೇ ಮುಗಿಯಿತೆಂದು ಯಾರೂ ಹೀಯಾಳಿಸಬೇಕಾಗಿಲ್ಲ. ಮೂರನೆಯದು ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷದ ಇಂಜಿನಿಯರಿಂಗ್ ಪದವಿ. ಗೇಟ್ ಪರೀಕ್ಷೆಯಲ್ಲೂ ಇನ್‌ಸ್ಟ್ರುಮೆಂಟೇಶನ್ನಿಗೆ ಪ್ರತ್ಯೇಕ ಪತ್ರಿಕೆಯಿದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ನೇರವಾಗಿ ಪಾಸ್‌ಪೋರ್ಟ್ ಹಿಡಿದು ಓಡಬೇಡಿ. 1961ರ ಅಪ್ರೆಂಟಿಸ್ ಕಾಯಿದೆಯಡಿ ದೊಡ್ಡ ಕಾರ್ಖಾನೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತವೆ. ಸ್ಟೈಪೆಂಡ್ ಕಡಿಮೆ. ಆದರೆ ನಡೆಯುತ್ತಿರುವ ಸ್ಥಾವರದಲ್ಲಿ ಒಂದು ವರ್ಷ ಕಂಡದ್ದು ತರಗತಿಯಲ್ಲಿ ಮೂರು ವರ್ಷ ಕೂತರೂ ಸಿಗದು. ಮುಂದೆ ಸಂದರ್ಶನದಲ್ಲಿ ಕೇಳುವುದೂ ಅದನ್ನೇ. ಹೆಚ್ಚಿನ ತರಬೇತಿಗೆ ಪಾಲಕ್ಕಾಡಿನಲ್ಲಿ ಹರಿವು ಮಾಪನದ ಕೇಂದ್ರ ಸಂಸ್ಥೆ ಎಫ್‌ಸಿಆರ್‌ಐ ಇದೆ, ಹೈದರಾಬಾದಿನ ರಾಮಂತಾಪುರದಲ್ಲಿ ಪ್ರೊಸೆಸ್ ಇನ್‌ಸ್ಟ್ರುಮೆಂಟೇಶನ್ ಕಲಿಸುವ ಕೇಂದ್ರ ಸರಕಾರದ ಸಂಸ್ಥೆ ಇದೆ.

ಸಹೋದರಿಯರಿಗೂ ಒಂದು ಮಾತು. ಏಣಿ ಹತ್ತುವುದಷ್ಟೇ ಈ ಕ್ಷೇತ್ರವಲ್ಲ. ಕ್ಯಾಲಿಬ್ರೇಶನ್ ಪ್ರಯೋಗಾಲಯ, ಕಂಟ್ರೋಲ್ ಪ್ಯಾನಲ್ ತಯಾರಿ, ಲೂಪ್ ನಕ್ಷೆ ರಚನೆ, ಪ್ರೋಗ್ರಾಮಿಂಗ್ ಎಲ್ಲವೂ ಇದರೊಳಗಿವೆ. ಏಣಿ ಹತ್ತಿ ಕೆಲಸ ಮಾಡುವ ಹೆಣ್ಣುಮಕ್ಕಳೂ ಇದ್ದಾರೆ.

ಒಂದು ತಿಂಗಳ ಕೋರ್ಸುಗಳ ಬಗ್ಗೆ

"ಒಂದು ತಿಂಗಳಲ್ಲಿ ಪಿಎಲ್‌ಸಿ, ಸ್ಕಾಡಾ, ಡಿಸಿಎಸ್, ಉದ್ಯೋಗ ಖಾತರಿ" ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಪಿಎಲ್‌ಸಿ ಎಂದರೆ ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್. ಅದನ್ನು ಕಲಿಯಲೇಬೇಕು. ಆದರೆ ಕಣ್ಣು ಸುಳ್ಳು ಹೇಳಿದರೆ ಮೆದುಳು ಎಷ್ಟೇ ಚುರುಕಾಗಿದ್ದರೂ ತಪ್ಪೇ ಮಾಡುತ್ತದೆ. ಮೊದಲು ಉಪಕರಣ, ಆಮೇಲೆ ಪರದೆ. ಇದು ನನ್ನ ಇಪ್ಪತ್ತಾರು ವರ್ಷದ ಸಾರ.

ಆದ್ದರಿಂದ ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು ಹೆತ್ತವರು ಆ ಸಂಸ್ಥೆಗೆ ಹೋಗಿ ಐದು ಪ್ರಶ್ನೆ ಕೇಳಲಿ. ನಿಜವಾದ ಟ್ರಾನ್ಸ್‌ಮಿಟರ್, ಕಂಟ್ರೋಲ್ ವಾಲ್ವ್ ಇವೆಯೇ, ಅಥವಾ ಬರೀ ಕಂಪ್ಯೂಟರಿನಲ್ಲಿ ಚಿತ್ರ ತೋರಿಸುತ್ತಾರೆಯೇ? ಪ್ರತಿ ವಿದ್ಯಾರ್ಥಿಗೆ ಕೈಯಾರೆ ಮಾಡಲು ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಕಲಿಸುವವರು ಸ್ಥಾವರದಲ್ಲಿ ಕೆಲಸ ಮಾಡಿದವರೇ? ಪ್ರಮಾಣಪತ್ರ ಕೊಡುವವರು ಯಾರು, ಅದನ್ನು ಯಾರು ಮಾನ್ಯ ಮಾಡುತ್ತಾರೆ? ಕಳೆದ ವರ್ಷ ಕಲಿತ ಇಬ್ಬರ ಜತೆ ಮಾತಾಡಿಸುವಿರಾ? ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಎದ್ದು ಬನ್ನಿ.

ಸಂಸ್ಥೆಯ ಸದಸ್ಯರಲ್ಲಿ ಒಂದು ವಿನಂತಿ

ನಾವು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತೇವೆ, ಅದು ಸಂತೋಷದ ವಿಷಯ. ಅದರಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಸೇರಿದವರಿಗೆ ಸಿಗುವ ಚಪ್ಪಾಳೆ ಐಟಿಐ ಸೇರಿದವನಿಗೂ ಸಿಗಲಿ. ಎಸ್ಸೆಸ್ಸೆಲ್ಸಿಯಲ್ಲಿ 50 ಶೇಕಡಾ ಅಂಕ ಪಡೆದ ಹುಡುಗನನ್ನು ಕರೆದು ಮಾತಾಡಿಸುವವರು ನಮ್ಮಲ್ಲಿ ಕಡಿಮೆ. ಹೆಲ್ಪರ್ ವೀಸಾ ಕಾಯುತ್ತಿರುವುದು ಅವನನ್ನೇ.

ಇನ್ನೊಂದು ಸಲಹೆ. ನಮ್ಮ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ. ಒಂದು ಗಟ್ಟಿ ಮೇಜು, 24 ವೋಲ್ಟ್ ಪವರ್ ಸಪ್ಲೈ, ಮಲ್ಟಿಮೀಟರುಗಳು, ಹ್ಯಾಂಡ್ ಪಂಪ್, ಪ್ರೆಶರ್ ಗೇಜ್, ಹಳೆಯದಾದರೂ ಸರಿ ಎರಡು ಟ್ರಾನ್ಸ್‌ಮಿಟರ್, ಒಂದು ಸಣ್ಣ ಕಂಟ್ರೋಲರ್ ಇದ್ದರೆ ಒಂದು ಲೂಪ್ ಕಟ್ಟಿ ಕಲಿಸಬಹುದು. ರಜೆಯಲ್ಲಿ ಊರಿಗೆ ಬರುವ ನಮ್ಮ ಟೆಕ್ನೀಶಿಯನ್ನರು ಎರಡೆರಡು ದಿನ ಪಾಠ ಮಾಡಲಿ. ವಾರಕ್ಕೆ ಎರಡು ಸಂಜೆ ನಾನು ಬರುತ್ತೇನೆ, ಸಂಭಾವನೆ ಬೇಡ. ಇದು ಐಟಿಐಗೆ ಬದಲಿಯಲ್ಲ. ಆದರೆ ಯಾವ ಮಗುವಿಗೆ ಈ ಕೆಲಸ ಒಗ್ಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಆ ಕೋಣೆಯ ಗೋಡೆಯಲ್ಲಿ ಬೇರೇನನ್ನೂ ಬರೆಸುವುದು ಬೇಡ. ನನ್ನ ಫೋರ್‌ಮನ್ ಕೇಳಿದ ಪ್ರಶ್ನೆಯೊಂದೇ ಸಾಕು: ಇದರಲ್ಲಿ ನೀನು ಕಣ್ಣಾರೆ ಕಂಡ ಅಂಕಿ ಯಾವುದು?