ಸಂಕೋಚದ ಬೆಲೆ

ಪರಸ್ಥಳಕ್ಕೆ ಹೋದವನಿಗೆ ಬೇಕಾದುದು ಹೆಚ್ಚೇನಲ್ಲ: ಮಲಗಲು ಹಾಸಿಗೆ, ಮೀಯಲು ಬಿಸಿನೀರು, ಓದಲು ಒಂದು ದಿನಪತ್ರಿಕೆ. ಸಾಧಾರಣ ಲಾಡ್ಜಿನಲ್ಲಿ ಇವೆಲ್ಲ ಬಹುಮಟ್ಟಿಗೆ ಬಾಡಿಗೆಯಲ್ಲಿಯೇ ಸೇರಿರುತ್ತವೆ. ಅದರ ಹತ್ತು ಪಟ್ಟು ಬಾಡಿಗೆಯ ಹೋಟೆಲಿಗೆ ಹೋದರೆ, ಬಾಡಿಗೆಯ ಹೊರಗೆ ಇನ್ನೊಂದು ಪಟ್ಟಿ ಬೆಳೆಯುತ್ತದೆ. ಹೆಚ್ಚು ತೆತ್ತವನಿಗೆ ಹೆಚ್ಚು ದೊರೆಯಬೇಕಲ್ಲವೆ? ಅವನಿಂದಲೇ ಮತ್ತಷ್ಟು ಕೇಳುವುದೇಕೆ?

ನಾನು ಅಧ್ಯಾಪಕನಾಗಿದ್ದಾಗ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಧಾರವಾಡಕ್ಕೆ ಹೋಗುತ್ತಿದ್ದೆ. ಬಸ್ ನಿಲ್ದಾಣದ ಸಮೀಪದ ಒಂದು ಲಾಡ್ಜಿನಲ್ಲಿ ಇಳಿದುಕೊಳ್ಳುವುದು ವಾಡಿಕೆ. ಕೀಲಿಕೈ ಕೊಡುವಾಗಲೇ ಅಲ್ಲಿಯ ಹುಡುಗ, "ಬಿಸಿನೀರು ಮುಂಜಾನೆ ಆರರಿಂದ ಎಂಟರ ತನಕ ಬರ್ತಾವ್ರಿ ಸರ್. ಅದಕ್ಕ ಬ್ಯಾರೆ ರೊಕ್ಕ ಇಲ್ರಿ" ಎಂದು ಹೇಳಿಬಿಡುತ್ತಿದ್ದ. ಬಾಡಿಗೆ ಎಷ್ಟೆಂಬುದನ್ನು ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಬರೆದಿರುತ್ತಿತ್ತು. ಹೊರಡುವ ದಿನ ನಾನು ಕೊಡುತ್ತಿದ್ದುದು ಅಷ್ಟೇ.

ನಿವೃತ್ತನಾದ ಮೇಲೆ ಬೆಂಗಳೂರಿನ ಒಂದು ಸಣ್ಣ ಸಾಹಿತ್ಯ ಸಂಘದವರು ಉಪನ್ಯಾಸಕ್ಕೆ ಕರೆದರು. ದಾನಿಯೊಬ್ಬರ ಔದಾರ್ಯದಿಂದ ನನಗೆ ದೊಡ್ಡ ಹೋಟೆಲಿನಲ್ಲಿ ಕೊಠಡಿ ದೊರೆಯಿತು. ಮೇಜಿನ ಮೇಲೆ ಇಟ್ಟಿದ್ದ ಗೋಡಂಬಿಯನ್ನು ಆತಿಥ್ಯವೆಂದು ಭಾವಿಸಿ ತಿಂದೆ. ಎರಡು ಅಂಗಿಗಳನ್ನು ಇಸ್ತ್ರಿಗೆ ಕೊಟ್ಟೆ. ಎರಡು ಬಾರಿ ಚಹಾ ತರಿಸಿಕೊಂಡೆ. ಬೆಲೆಪಟ್ಟಿ ಮೇಜಿನ ಡ್ರಾಯರಿನಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಕೇಳಬಹುದಿತ್ತು. ಆದರೆ ಆ ವೈಭವದ ನಡುವೆ ನಿಂತು 'ಇದಕ್ಕೆಷ್ಟು?' ಎನ್ನಲು ನಾಲಗೆ ಏಳಲಿಲ್ಲ. ದಾನಿಗಳು ಕೊಟ್ಟಿರುವುದು ಬಾಡಿಗೆಯನ್ನು ಮಾತ್ರವೆಂದು ಮರುದಿನ ಹೊರಡುವಾಗ ಹೋಟೆಲಿನವರು ತಿಳಿಸಿದರು. ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದ ಸಂಘದ ಕಾರ್ಯದರ್ಶಿಗಳು ನನಗೆ ಕಾಣದಂತೆ ಪಕ್ಕಕ್ಕೆ ತಿರುಗಿ ತಮ್ಮ ಜೇಬಿನಿಂದ ನೋಟುಗಳನ್ನು ತೆಗೆದು ಎಣಿಸಿದರು. ನನಗೆ ಕಂಡಿತು.

ಊರಿಗೆ ಮರಳುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ದೊಡ್ಡ ಹೋಟೆಲಿನ ಅತಿಥಿಗಳಲ್ಲಿ ಅನೇಕರ ಖರ್ಚನ್ನು ಕಂಪನಿಯೋ ಮತ್ತೊಬ್ಬರೋ ಭರಿಸುತ್ತಾರೆ. ತನ್ನ ಹಣವಲ್ಲದಾಗ ಇಸ್ತ್ರಿಯ ದರವನ್ನು ಯಾರು ವಿಚಾರಿಸುತ್ತಾರೆ? ಲಾಡ್ಜಿಗೆ ಬರುವವನು ತನ್ನ ಗಂಟು ಬಿಚ್ಚುವವನು. ಐವತ್ತು ರೂಪಾಯಿ ಹೆಚ್ಚೆನಿಸಿದರೆ ಪಕ್ಕದ ಲಾಡ್ಜಿಗೆ ನಡೆಯುತ್ತಾನೆ. ಆದುದರಿಂದಲೇ ಲಾಡ್ಜಿನವನು ಎಲ್ಲವನ್ನೂ ಸೇರಿಸಿ ಒಂದೇ ಬೆಲೆ ಹೇಳುತ್ತಾನೆ. ಇನ್ನು ನನ್ನಂಥವರು ದೊಡ್ಡ ಹೋಟೆಲಿಗೆ ಹೋದರೆ, ದರ ಕೇಳಿದರೆ ಬಡತನ ಬಯಲಾದೀತೆಂಬ ಅಳುಕೇ ಬಾಯಿ ಕಟ್ಟುತ್ತದೆ.

ಅಮೆರಿಕದಲ್ಲಿ ಈ ಪದ್ಧತಿ ಇನ್ನೂ ಮುಂದೆ ಹೋಗಿದೆ. ಲಾಸ್ ವೇಗಸ್ ನಗರದ ದೊಡ್ಡ ಹೋಟೆಲುಗಳಲ್ಲಿ ಈಜುಕೊಳ, ಅಂತರಜಾಲ ಮೊದಲಾದವುಗಳ ಹೆಸರಿನಲ್ಲಿ, ಬಳಸಿದರೂ ಬಳಸದಿದ್ದರೂ, ದಿನಕ್ಕಿಷ್ಟೆಂದು 'ರೆಸಾರ್ಟ್ ಶುಲ್ಕ' ವಿಧಿಸುವುದುಂಟು. ಹೆದ್ದಾರಿಯ ಬದಿಯ ಅಗ್ಗದ ಮೋಟೆಲುಗಳಲ್ಲಿಯಾದರೋ ಅಂತರಜಾಲವೂ ಬೆಳಗಿನ ತಿಂಡಿಯೂ ಎಷ್ಟೋ ಕಡೆ ಬಾಡಿಗೆಯಲ್ಲೇ ಸೇರಿರುತ್ತವೆ. 2025ರ ಮೇ 12ರಂದು ಜಾರಿಗೆ ಬಂದ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮವು ಇಂಥ ಶುಲ್ಕವನ್ನು ನಿಷೇಧಿಸಲಿಲ್ಲ. ಕಡ್ಡಾಯ ಶುಲ್ಕಗಳೆಲ್ಲವನ್ನೂ ಸೇರಿಸಿದ ಒಟ್ಟು ಬೆಲೆಯನ್ನು ಮೊದಲೇ ತಿಳಿಸಬೇಕೆಂದು ವಿಧಿಸಿತು.

ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೋಟೆಲುಗಳು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಹೇಳಿತು. 2025ರ ಮಾರ್ಚ್ 28ರಂದು ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಅದನ್ನು ಎತ್ತಿಹಿಡಿಯಿತು. ಅತಿಥಿಯು ಮನಸ್ಸು ಬಂದರೆ ಕೊಡಬಹುದು, ಬಾರದಿದ್ದರೆ ಬಿಡಬಹುದು. ಆದರೆ ಬಿಲ್ಲನ್ನು ಓದದೆ ಹಣ ಕೊಟ್ಟು ಎದ್ದುಬರುವವನನ್ನು ಯಾವ ಮಾರ್ಗಸೂಚಿ ಕಾಪಾಡೀತು?

ಮನೆಗೆ ಬಂದೊಡನೆ ಕಾರ್ಯದರ್ಶಿಗಳಿಗೆ ಆ ಹಣವನ್ನು ಕಳುಹಿಸಿದೆ. ವಾರದೊಳಗೆ ಅಂಚೆಯಲ್ಲಿ ಸಂಘದ ರಸೀತಿ ಬಂತು. ಅವರು ಅದನ್ನು ನನ್ನ ದೇಣಿಗೆಯೆಂದು ಲೆಕ್ಕಕ್ಕೆ ಜಮಾ ಮಾಡಿದ್ದರು. ಆ ರಸೀತಿಯನ್ನು ಕಾಪಾಡಿಕೊಂಡಿದ್ದೇನೆ. ಈಗ ಎಂಥ ಹೋಟೆಲಿಗೆ ಹೋದರೂ ಕೀಲಿಕೈ ಪಡೆಯುವ ಮೊದಲು, ಬಾಡಿಗೆಯಲ್ಲಿ ಏನೇನು ಸೇರಿದೆಯೆಂದು ಕೇಳುತ್ತೇನೆ. ಹಾಗೆ ಕೇಳಿದ್ದಕ್ಕೆ ಯಾರೂ ಈವರೆಗೆ ನನ್ನನ್ನು ಕೀಳಾಗಿ ಕಂಡಿಲ್ಲ.