ಪ್ಯಾಟನ್‌ಗೆ ಕೆಸರು ಬಳಿಯೋದು ಯಾಕೆ?

ನನ್ನ ಕೈಯಲ್ಲಿರೋದು 1/35 ಅಳತೆಯ ಪ್ಯಾಟನ್ ಟ್ಯಾಂಕ್. ನಿಜವಾದ ಟ್ಯಾಂಕಿನ 35 ಸೆಂಟಿಮೀಟರ್ ಇಲ್ಲಿ ಬರೀ 1 ಸೆಂಟಿಮೀಟರ್.

ಈ ಎಂ48ಎ3 ಕಿಟ್ ವಿಯೆಟ್ನಾಂ ಯುದ್ಧದ ಡೀಸೆಲ್ ಗಾಡಿಯದ್ದು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನ ಪಂಜಾಬಿನ ಅಸಲ್ ಉತ್ತರ್‌ಗೆ ತಂದಿದ್ದು ಹಳೆಯ ಪೆಟ್ರೋಲ್ ಪ್ಯಾಟನ್‌ಗಳನ್ನು. ಹಾಗಾಗಿ ಪಾಕಿಸ್ತಾನದ ಗುರುತು ಅಂಟಿಸಿದರಷ್ಟೇ ಸಾಲದು, ಪಕ್ಕದ ಏರ್ ಕ್ಲೀನರ್ ಡಬ್ಬಗಳನ್ನೂ ಕತ್ತರಿಸಿ ತೆಗೀಬೇಕು.

ಆಮೇಲೆ ಕೆಸರು. ನಮ್ಮ ಸೈನಿಕರು ಅಲ್ಲಿನ ಕಬ್ಬಿನ ಗದ್ದೆಗಳಿಗೆ ನೀರು ಬಿಟ್ಟಿದ್ರು. ಪ್ಯಾಟನ್‌ಗಳು ಹೂತುಕೊಂಡವು, ಗುರಿಗೆ ಸಿಕ್ಕವು. ಫಳಫಳ ಹೊಳೆಯೋ ಮಾಡೆಲ್ ಶೋಕೇಸಲ್ಲಿಟ್ಟರೆ ಗೆದ್ದಿದ್ದು ಹೇಗೆ ಅಂತ ಮಕ್ಕಳಿಗೆ ಗೊತ್ತಾಗಲ್ಲ.

ಪುಣೆಯವರೇ, ಅಹ್ಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ, ಟ್ಯಾಂಕ್ ಮ್ಯೂಸಿಯಂನಲ್ಲಿ ಸೆರೆಸಿಕ್ಕ ಪ್ಯಾಟನ್ ಇದೆ. ಬಣ್ಣ ಹಚ್ಚೋ ಮೊದಲು ಒಮ್ಮೆ ನೋಡಿ ಬನ್ನಿ.